ಗೆರೆಯಿಲ್ಲದ ಸಹಿ

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದ ಎಂಟು ಜನರಲ್ಲಿ ಆರು ಜನ ಒಂದೇ ಮಾತು ಹೇಳಿದರು: ‘ಅವರು ಯಾರಿಗೂ ಇಲ್ಲ ಎಂದವರಲ್ಲ.’ ಏಳನೆಯವರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಎಂಟನೆಯವರಿಗೆ ತೀರಿಹೋದವರಿಗಿಂತ ಮುಂದಿನ ಚುನಾವಣೆಯ ಚಿಂತೆ ಹೆಚ್ಚಿತ್ತು. ನಾನು ಶಿವಮೊಗ್ಗದ ಆ ಸಭಾಭವನದ ಹಿಂದಿನ ಸಾಲಿನಲ್ಲಿ, ಫ್ಯಾನಿನ ಗಾಳಿ ಬಾರದ ಕಡೆ ಕೂತು ಹಲ್ಲು ಕಚ್ಚಿಕೊಂಡು ಕೇಳಿದೆ. ಎದ್ದು ನಿಂತು, ‘ಸ್ವಾಮಿ, ನೀವು ಯಾರ ವಿಷಯ ಮಾತಾಡ್ತಿದೀರಿ?’ ಎಂದು ಕೇಳಬೇಕೆನಿಸಿತು. ನಾನು ಮೊದಲು ಕಂಡ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ‘ಆಗಲ್ಲ’ ಎನ್ನುವುದನ್ನೇ ಕಸುಬು ಮಾಡಿಕೊಂಡಿದ್ದವರು. ಊರು ಅವರನ್ನು ನಂಬಿದ್ದೇ ಆ ಕಾರಣಕ್ಕೆ.

ನಾನು ಭದ್ರಾವತಿಯವಳು. ಅಪ್ಪ ಕಾರ್ಖಾನೆಯಲ್ಲಿದ್ದರು, ಹೀಗಾಗಿ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಬೆಳೆದೆ. ಈಗಲೂ ಅಲ್ಲೇ ಹತ್ತಿರದಲ್ಲಿ ಸ್ವಂತದ್ದೊಂದು ಸಣ್ಣ ಮನೆ. ನೌಕರಿ ಮಾತ್ರ ಶಿವಮೊಗ್ಗದ ಪಾಲಿಕೆಯಲ್ಲಿ. ಸರ್ವೀಸಿನುದ್ದಕ್ಕೂ ದಿನಾ ಬಸ್ಸು. ಅವರು ಮೇಯರ್ ಆಗಿದ್ದ ಒಂದು ವರ್ಷ ಅವರ ಕಡತಗಳನ್ನು ನೋಡಿಕೊಂಡೆ. ಆಮೇಲೆ ಅವರು ಶಾಸಕರಾದಾಗ ನನ್ನನ್ನೇ ಆಪ್ತ ಸಹಾಯಕಿಯಾಗಿ ಕೇಳಿ ಪಡೆದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನವರಿಗೆ ಬೇಕಾಗಿಲ್ಲ, ಹೊರಗಿನವರಿಗೆ ಹೆಸರಿನಿಂದ ಆಗಬೇಕಾದ್ದೂ ಏನಿಲ್ಲ. ನಾವು ಸಾಹೇಬರು ಎನ್ನುತ್ತಿದ್ದೆವು, ಇಲ್ಲೂ ಅದೇ ಇರಲಿ.

ರಾಜಕೀಯಕ್ಕೆ ಬರುವ ಮೊದಲು ಅವರದು ಬಿ.ಎಚ್. ರಸ್ತೆಗೆ ತಾಗಿದ ಗಲ್ಲಿಯೊಂದರಲ್ಲಿ ಮೋಟಾರು ರಿಪೇರಿಯ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ನನ್ನ ಸೋದರಮಾವ ಆಯನೂರಿನಿಂದ ಒಂದು ಮೋಟಾರು ಹೊತ್ತು ತಂದಾಗ ನಾನೂ ಜೊತೆಗಿದ್ದೆ, ಆಗಿನ್ನೂ ಕಾಲೇಜಿನಲ್ಲಿದ್ದೆ. ಸಾಹೇಬರು ಮೋಟಾರಿಗೆ ಕರೆಂಟು ಕೊಟ್ಟರು. ಅದು ಮುಲುಗಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ತಮ್ಮ ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮಾವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ಇದು ಆಗಲ್ಲ.”

“ಏನ್ ಆಗಲ್ಲ? ತಂತಿ ಸುತ್ತಿ ಕೊಡಿ, ಅಷ್ಟೇ ತಾನೆ?”

“ತಂತಿ ಸುತ್ತೋಕೆ ನಂಗೇನ್ ಕಷ್ಟ ಮಾರಾಯ? ಒಳಗೆ ಶಾಫ್ಟೇ ತಿಂದೋಗಿದೆ. ನೀವು ಆಯನೂರು ಮುಟ್ಟಿ ಸ್ವಿಚ್ ಹಾಕಿದ ತಕ್ಷಣ ಮತ್ತೆ ಸುಡುತ್ತೆ. ಹೊಸದು ತಗೊಳ್ಳಿ.”

ಮಾವ ಸಿಟ್ಟಾಗಿ ಪಕ್ಕದ ಗಲ್ಲಿಯಲ್ಲಿ ‘ಆಗುತ್ತೆ’ ಎಂದವರ ಅಂಗಡಿಗೆ ಹೋದ. ಹದಿನೈದು ದಿನಕ್ಕೆ ಇವರ ಗಲ್ಲಿಗೇ ವಾಪಸು ಬಂದು, ತಲೆ ಕೆರೆದುಕೊಂಡು, ಹೊಸದರಲ್ಲಿ ಯಾವುದು ಒಳ್ಳೆಯದು ಎಂದು ಇವರನ್ನೇ ಕೇಳಿದ. ಇಂಥ ಮಾವಂದಿರು ಜಿಲ್ಲೆಯ ತುಂಬ ಇದ್ದರು. ಸಾಹೇಬರು ಕಾರ್ಪೊರೇಟರ್ ಚುನಾವಣೆಗೆ ನಿಂತಾಗ ಅವರ ವಾರ್ಡಿನಲ್ಲಿ ಒಂದೇ ಮಾತು ಓಡಾಡುತ್ತಿತ್ತು: ‘ಆ ಮನುಷ್ಯ ಆಗಲ್ಲ ಅಂದ್ರೆ ಆಗಲ್ಲ, ಆಗುತ್ತೆ ಅಂದ್ರೆ ಆಯ್ತು ಅಂತ್ಲೇ ಲೆಕ್ಕ.’ ಅದಕ್ಕಿಂತ ದೊಡ್ಡ ಪ್ರಣಾಳಿಕೆ ನಾನು ಕಂಡಿಲ್ಲ.

ಮೇಯರ್ ಗಿರಿ ಅವರು ಹುಡುಕಿಕೊಂಡು ಹೋದದ್ದಲ್ಲ. ಆ ವರ್ಷದ ಮೀಸಲಾತಿ ಪಟ್ಟಿ ನಾಲ್ಕಾರು ಜನರ ಕನಸನ್ನು ಮುರಿದು ಇವರ ಬಾಗಿಲಿಗೆ ಬಂದು ನಿಂತಿತು. ಮೊದಲ ಸಭೆಗೆ ಆ ಕೆಂಪು ಗೌನು ಹಾಕಿಕೊಂಡು ಬಂದರು. ಅರ್ಧ ಗಂಟೆಯಲ್ಲಿ ಬೆವರಿ ತೊಪ್ಪೆಯಾಗಿ, ಸಭೆ ಮುಗಿದದ್ದೇ ತಡ ಅದನ್ನು ಬಿಚ್ಚಿ, ಜವಾನ ತನ್ನ ಕೊಡೆ ತೂಗುಹಾಕುತ್ತಿದ್ದ ಮೊಳೆಗೆ ತೂಗುಹಾಕಿದರು. ಆಮೇಲೆ ಗೌನೂ ಕೊಡೆಯೂ ವರ್ಷವಿಡೀ ಒಂದೇ ಮೊಳೆಯಲ್ಲಿ ಸಂಸಾರ ಮಾಡಿದವು.

ಅವರ ಕಚೇರಿಯ ಮೊದಲ ಸುಧಾರಣೆ ಎಂದರೆ ಅಹವಾಲು ತರುವವರಿಗಾಗಿ ಹಾಕಿದ್ದ ಕುರ್ಚಿಗಳನ್ನು ತೆಗೆಸಿದ್ದು. ವಯಸ್ಸಾದವರಿಗೆ ಮಾತ್ರ ಒಂದು ಬೆಂಚು. ತಾವೂ ನಿಂತೇ ಇರುತ್ತಿದ್ದರು. ನನಗೆ ಇದು ಅವಮರ್ಯಾದೆ ಎನಿಸಿ ಕೇಳಿಯೇಬಿಟ್ಟೆ.

“ಕೂತ್ರೆ ಕತೆ ಶುರುವಾಗುತ್ತೆ ಮಾರಾಯ್ತಿ,” ಎಂದರು. “ನಿಂತ್ರೆ ವಿಷಯ ಹೇಳ್ತಾರೆ. ನಾನೂ ನಿಂತಿದ್ರೆ ಬೇಗ ಉತ್ತರ ಹೇಳ್ತೀನಿ.”

ಅವರ ಬಳಿ ಇದ್ದದ್ದು ಮೂರೇ ಉತ್ತರ. ಆಗುತ್ತೆ, ಆಗಲ್ಲ, ನೋಡ್ಬೇಕು. ಉಳಿದ ರಾಜಕಾರಣಿಗಳ ಬಾಯಲ್ಲಿ ‘ನೋಡೋಣ’ ಎನ್ನುವುದು ಅಡ್ಡಗೋಡೆಯ ಮೇಲೆ ಇಟ್ಟ ದೀಪ. ಇವರ ‘ನೋಡ್ಬೇಕು’ ಎಂದರೆ ಸಂಜೆ ಹಳೆಯ ಸ್ಕೂಟರು ಹತ್ತಿ ಆ ಚರಂಡಿಯನ್ನೋ ಆ ಗೋಡೆಯನ್ನೋ ನಿಜವಾಗಿಯೂ ನೋಡಿಬರುವುದು. ಇನ್ನು ‘ಆಗಲ್ಲ’ ಎನ್ನುವಾಗ ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಿದ್ದರು, ಆದರೆ ಎದುರಿನವರ ಕಣ್ಣನ್ನೇ ನೋಡುತ್ತಿದ್ದರು, ಹೆಗಲ ಮೇಲೆ ಕೈ ಇರುತ್ತಿತ್ತು. ಆಮೇಲೆ, ಆಗದಿದ್ದರೆ ಬೇರೆ ಏನು ಮಾಡಬಹುದು ಎಂದು ಅವರೇ ಹೇಳುತ್ತಿದ್ದರು. ನನಗೂ ಒಮ್ಮೆ ಹೇಳಿದ್ದಾರೆ. ಅಮ್ಮ ಹಾಸಿಗೆ ಹಿಡಿದಿದ್ದಳು. ಭದ್ರಾವತಿಗೇ ವರ್ಗ ಮಾಡಿಸಿಕೊಡಿ ಎಂದು ಕೇಳಿದೆ.

“ಆಗಲ್ಲ ಮೇಡಂ. ನೀವು ಹೋದ್ರೆ ಇಲ್ಲಿ ಫೈಲು ಪೂರ್ತಿ ಓದೋರು ಒಬ್ರೂ ಇಲ್ಲ. ಆದ್ರೆ ದಿನಾ ನಾಲ್ಕು ಗಂಟೆ ಬಸ್ಸಿಗೆ ಹೋಗಿ. ಬೆಳಿಗ್ಗೆ ಒಂದು ಗಂಟೆ ಬೇಗ ಬನ್ನಿ, ನಾನೂ ಬೇಗ ಬರ್ತೀನಿ.”

ನಾಲ್ಕು ತಿಂಗಳು, ಅಮ್ಮ ತೀರಿಹೋಗುವವರೆಗೆ, ನನಗಾಗಿ ಅವರು ಬೇಗ ಬಂದರು. ವರ್ಗ ಕೊಟ್ಟಿದ್ದರೆ ನಾನು ಇಷ್ಟು ನೆನೆಯುತ್ತಿರಲಿಲ್ಲ.

ಮೇಯರ್ ಆಗಿದ್ದ ದಿನಗಳ ಒಂದು ಬೆಳಗನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಳೇ ಊರಿನ ಒಂದು ಬೀದಿಗೆ ಎಂಟು ತಿಂಗಳಿಂದ ನೀರಿಲ್ಲ. ಬೀದಿಯವರು ಬೋರ್‌ವೆಲ್ ಕೊರೆಸಿ ಎಂದು ಬಂದರು. ‘ಬೋರು ಆಗಲ್ಲ, ಪೈಪು ನೋಡ್ಬೇಕು’ ಎಂದರು. ಮರುದಿನ ನೀರು ಬಿಡುವ ಐದು ಗಂಟೆಯ ಹೊತ್ತಿಗೆ ಆ ಬೀದಿಗೆ ಹೋಗಿದ್ದಾರೆ, ಕೈಯಲ್ಲಿ ಅದೇ ಸ್ಕ್ರೂಡ್ರೈವರು. ಜೊತೆಗೆ ಗುತ್ತಿಗೆಯ ವಾಲ್ವ್‌ಮನ್ ಮುರುಗ. ಭದ್ರಾವತಿಯವನು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವನ ಮನೆ, ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬರುತ್ತಿದ್ದ. ಇಬ್ಬರೂ ರಸ್ತೆಯ ಮೇಲೆ ಬೋರಲು ಬಿದ್ದು, ಅಲ್ಲಲ್ಲಿ ಸ್ಕ್ರೂಡ್ರೈವರು ಒತ್ತಿ ನೆಲದ ಸದ್ದು ಕೇಳಿದರಂತೆ. ಹಾಲು ತರಲು ಹೊರಟ ಮುದುಕಿಯೊಬ್ಬಳು ಮೇಯರಿಗೆ ಮೈಮೇಲೆ ಬಂದಿದೆ ಎಂದು ಕೈಮುಗಿದಳಂತೆ. ಒಂದು ಕಡೆ ನೀರಿನ ಸದ್ದು ಬಂದು ನಿಲ್ಲುತ್ತಿತ್ತು. ಮುರುಗ ಅಲ್ಲಿ ಹಾರೆಯಿಂದ ಡಾಂಬರು ಕಿತ್ತ. ಕೆಳಗೆ ವಾಲ್ವಿನ ಮುಚ್ಚಳ! ಕಂತ್ರಾಟುದಾರ ರಸ್ತೆ ಮಾಡುವಾಗ ವಾಲ್ವನ್ನು ಮುಚ್ಚಿ, ಅದರ ಮೇಲೇ ಡಾಂಬರು ಹಾಕಿ ಹೋಗಿದ್ದ.

ನಾನು ಕಚೇರಿಗೆ ಬಂದಾಗ ಇಬ್ಬರೂ ಮೈಯೆಲ್ಲ ಕರಿ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತು ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. “ನಾವೇ ಮುಚ್ಚಿ, ನಾವೇ ಹುಡುಕ್ತೀವಿ ಮಾರಾಯ್ತಿ,” ಎಂದು ಸಾಹೇಬರು ನಕ್ಕರು. ಅಷ್ಟು ಹಗುರಾಗಿ ನಕ್ಕದ್ದನ್ನು ಆಮೇಲೆ ನಾನು ನೋಡಲಿಲ್ಲ.

ಅಂಥವರಿಗೆ ಟಿಕೆಟ್ಟು ಬಂತು. ಗೆದ್ದರು. ಊರೇ ಸಂಭ್ರಮಪಟ್ಟಿತು, ನಾನು ಪೇಡೆ ಹಂಚಿದೆ.

ಶಾಸಕರ ಕಚೇರಿಯಲ್ಲಿ ಕುರ್ಚಿಗಳು ವಾಪಸು ಬಂದವು. ಅವರು ತರಿಸಿದ್ದಲ್ಲ, ಯಾರೋ ಅಭಿಮಾನಿಗಳು ಐವತ್ತು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಮೊದಲ ತಿಂಗಳು ಸಾಹೇಬರು ಹಳೇ ರೂಢಿಯಲ್ಲೇ ನಡೆದರು. ಒಂದು ಸಮಾಜದ ಮುಖಂಡರು ಬಂದು, ಕೆರೆ ಅಂಗಳದಲ್ಲಿ ಸಮುದಾಯ ಭವನಕ್ಕೆ ಜಾಗ ಕೊಡಿಸಿ ಎಂದರು. ‘ಕೆರೆ ಜಾಗ ಆಗಲ್ಲ’ ಎಂದರು ಇವರು, ಹೆಗಲ ಮೇಲೆ ಕೈಯಿಟ್ಟೇ. ಮೂರನೇ ದಿನ ಪಕ್ಷದ ಹಿರಿಯರೊಬ್ಬರು ಬೆಂಗಳೂರಿನಿಂದ ಬಂದು ಬಾಗಿಲು ಹಾಕಿಕೊಂಡು ಕೂತರು. ನಾನು ಟಿಪ್ಪಣಿ ಪುಸ್ತಕ ಹಿಡಿದು ಮೂಲೆಯಲ್ಲಿದ್ದೆ.

“ನೋಡಪ್ಪ,” ಎಂದರು ಹಿರಿಯರು, “ಕಾರ್ಪೊರೇಷನ್ನಲ್ಲಿ ಇಲ್ಲ ಅಂದ್ರೆ ಒಂದು ಬೀದಿ ಹೋಗುತ್ತೆ. ಇಲ್ಲಿ ಇಲ್ಲ ಅಂದ್ರೆ ಒಂದು ಜಾತಿನೇ ಹೋಗುತ್ತೆ. ನಿನ್ನನ್ನು ಯಾರು ಮಾಡಿಕೊಡು ಅಂದ್ರು? ಒಂದು ಲೆಟರ್ ಕೊಟ್ಟು ಕಳ್ಸು. ಮಾಡೋದು ಬಿಡೋದು ಅಧಿಕಾರಿಗಳ ಹಣೆಬರಹ.”

ಸಾಹೇಬರು ಅವರನ್ನು ಕಾರಿನವರೆಗೆ ಬಿಟ್ಟು ಬಂದರು. ಮಾರನೇ ದಿನದಿಂದ ಲೆಟರ್ ಶುರುವಾಯಿತು.

ಶಾಸಕರ ಲೆಟರ್‌ಹೆಡ್ಡಿಗೆ ಜನ ಕೊಡುವ ಬೆಲೆ ಏನೆಂದು ಆ ಕುರ್ಚಿಯ ಪಕ್ಕ ಕೂತವರಿಗೇ ಗೊತ್ತು. ಹಾಸ್ಟೆಲ್ ಸೀಟಿಗೆ, ನಿವೇಶನಕ್ಕೆ, ವರ್ಗಾವಣೆಗೆ, ಟ್ರಾನ್ಸ್‌ಫಾರ್ಮರಿಗೆ, ಬಸ್ ಸ್ಟಾಪಿಗೆ. ‘ಸದರಿಯವರು ನನಗೆ ಪರಿಚಿತರಿದ್ದು, ಇವರ ಕೋರಿಕೆಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ.’ ಈ ವಾಕ್ಯವನ್ನು ನಾನು ನಿದ್ದೆಯಲ್ಲೂ ಟೈಪ್ ಮಾಡಬಲ್ಲೆ. ಅವರು ಸಹಿ ಹಾಕುತ್ತ ಹೋದರು. ಜನರ ಮುಖ ನೋಡುವುದನ್ನು ಬಿಟ್ಟು ಪೆನ್ನಿನ ತುದಿ ನೋಡತೊಡಗಿದರು. ಒಂದೇ ಖಾಲಿ ಹುದ್ದೆಗೆ ಹದಿನಾಲ್ಕು ಜನ ಇವರದೇ ಪತ್ರ ಹಿಡಿದು ಹೋದಾಗ ಅಧಿಕಾರಿಯೊಬ್ಬರು ನನಗೆ ಫೋನು ಮಾಡಿ, “ಏನ್ ಮೇಡಂ, ನಿಮ್ ಸಾಹೇಬ್ರಿಗೆ ಇಷ್ಟೊಂದು ಪರಿಚಿತರಾ? ಇದ್ರಲ್ಲಿ ನಿಜವಾಗ್ಲೂ ಯಾರಿಗೆ ಮಾಡ್ಬೇಕು, ಅದನ್ನ ಹೇಳಿ,” ಎಂದು ಗೋಳಾಡಿದರು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ಉಪಾಯ ನನ್ನದು. ಯಾರೂ ನನ್ನ ತಲೆಯ ಮೇಲೆ ಕೂತು ಮಾಡಿಸಿದ್ದಲ್ಲ. “ಸರ್, ನಿಜವಾಗಿ ಆಗ್ಬೇಕಾದ್ದಕ್ಕೆ ಸಹಿ ಕೆಳಗೆ ಒಂದು ಗೆರೆ ಎಳೀರಿ. ಅಧಿಕಾರಿಗಳಿಗೆ ನಾನು ತಿಳಿಸ್ತೀನಿ. ಗೆರೆ ಇಲ್ಲದ್ದನ್ನ ಅವ್ರು ಫೈಲಿಗೆ ಹಾಕಿ ಮರೀತಾರೆ,” ಎಂದೆ.

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ. “ಒಳ್ಳೇ ತಲೆ ಮಾರಾಯ್ತಿ ನಿಮ್ದು,” ಎಂದರು. ಆ ಹೊಗಳಿಕೆಯನ್ನು ಅಂದು ಸಂಜೆ ಬಸ್ಸಿನಲ್ಲಿ ಭದ್ರಾವತಿಯವರೆಗೆ ಹೊತ್ತುಕೊಂಡು ಬಂದೆ, ಯಜಮಾನರಿಗೂ ಹೇಳಿದೆ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಗೆರೆಯ ಗುಟ್ಟು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ನಾವು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಏಜೆಂಟರು ತಾಲ್ಲೂಕು ಕಚೇರಿಯ ಸುತ್ತ ಇದ್ದರು. ತಾವೇ ಗೆರೆ ಎಳೆದುಕೊಂಡು ಹೋಗತೊಡಗಿದರು. ಒಬ್ಬ ಪುಣ್ಯಾತ್ಮ ಸ್ಕೇಲು ಇಟ್ಟು ಎಳೆದು ಸಿಕ್ಕಿಬಿದ್ದ, ಸಾಹೇಬರ ಗೆರೆ ಎಂದೂ ನೇರ ಇರುತ್ತಿರಲಿಲ್ಲ. ಆಮೇಲೆ ಗೆರೆ ಎರಡಾಯಿತು. ಕೊನೆಗೆ ಗೆರೆಯ ಜೊತೆ ನನ್ನ ಫೋನೂ ಬೇಕಾಯಿತು. ಇದನ್ನೆಲ್ಲ ನಾವು ಕಚೇರಿಯಲ್ಲಿ ನಗುನಗುತ್ತ ಮಾತಾಡಿಕೊಳ್ಳುತ್ತಿದ್ದೆವು. ಸಾಹೇಬರು ಮಾತ್ರ ನಗುತ್ತಿರಲಿಲ್ಲ.

ಅಧಿವೇಶನಕ್ಕೆಂದು ಬೆಂಗಳೂರಿಗೆ ಹೋದಾಗ ಬೆಳಿಗ್ಗೆ ಆರಕ್ಕೆ ವಾಲ್ವ್‌ಮನ್‌ಗಳಿಗೆ ಫೋನು ಮಾಡಿ ‘ನೀರು ಬಂತಾ?’ ಎಂದು ಕೇಳುತ್ತಿದ್ದರಂತೆ. ಶಾಸಕರು ಕೇಳುವ ಪ್ರಶ್ನೆಯೇ ಅದು? ಸದನದಲ್ಲಿ ಅವರಿಗೆ ಸಿಗುತ್ತಿದ್ದದ್ದು ಎರಡು ನಿಮಿಷ, ಅದರಲ್ಲೂ ಅರ್ಧ ಗದ್ದಲಕ್ಕೆ ಹೋಗುತ್ತಿತ್ತು. ಒಮ್ಮೆ ವಾಪಸು ಬಂದವರು ಸುಸ್ತಾಗಿ ಕೂತು ಹೇಳಿದರು: “ಸಕ್ರೆಬೈಲು ಕ್ಯಾಂಪಿನ ಆನೆ ಆಗಿದೀನಿ ಮಾರಾಯ್ತಿ. ನೋಡೋರಿಗೆ ಭಾರಿ ಕಾಣ್ತೀನಿ. ಏಳು ಅಂದ್ರೆ ಏಳ್ತೀನಿ, ಕೂರು ಅಂದ್ರೆ ಕೂರ್ತೀನಿ.” ಬಿಟ್ಟುಬಿಡಿ ಎಂದು ಹೇಳುವಷ್ಟು ಸಲಿಗೆ ನನಗಿತ್ತು. ಹೇಳಲಿಲ್ಲ.

ಮುರುಗ ಸತ್ತದ್ದು ಅವರು ಶಾಸಕರಾಗಿ ಮೂರನೇ ವರ್ಷ. ಜ್ವರ ಬಂತು, ಎಂಟು ದಿನಕ್ಕೆ ಹೋಗಿಬಿಟ್ಟ. ಹೆಂಡತಿ ಸೆಲ್ವಿ, ಇಬ್ಬರು ಹೆಣ್ಣುಮಕ್ಕಳು. ಮುರುಗ ಹದಿನೇಳು ವರ್ಷ ಕೆಲಸ ಮಾಡಿದ್ದರೂ ಗುತ್ತಿಗೆಯವನು. ಕಾಯಂ ನೌಕರ ಸತ್ತರೆ ಹೆಂಡತಿಗೆ ಅನುಕಂಪದ ನೌಕರಿ ಸಿಗುತ್ತದೆ, ಗುತ್ತಿಗೆಯವನು ಸತ್ತರೆ ಅನುಕಂಪ ಮಾತ್ರ. ನಿಯಮ ನನಗೆ ಬಾಯಿಪಾಠವಿತ್ತು, ಸಾಹೇಬರಿಗೂ ಇತ್ತು. ಸೆಲ್ವಿಗೆ ಗೊತ್ತಿರಲಿಲ್ಲ. ಗಂಡನ ಕೆಲಸ ತನಗೆ ಕೊಡಿಸಿ ಎಂದು ಅರ್ಜಿ ಬರೆಸಿಕೊಂಡು ಬಂದಳು. ಅವಳ ಹಿಂದೆ ಅವಳ ಕಡೆಯ ಇಪ್ಪತ್ತು ಮೂವತ್ತು ಜನ ಶಿವಮೊಗ್ಗದ ತಮಿಳರು, ಮುಂದೆ ಒಬ್ಬ ಪುಢಾರಿ.

ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಬಹಳ ದಿನಗಳ ಮೇಲೆ ಅವರು ಯಾರಿಗೋ ಎದ್ದು ನಿಂತದ್ದನ್ನು ನೋಡಿದೆ. ಕೈ ಅವಳ ತಲೆಯವರೆಗೆ ಹೋಗಿ ನಿಂತಿತು. ಅವರ ಬಾಯಿ ‘ಆ’ ಎಂದು ತೆರೆದದ್ದು ನನಗೆ ಕಂಡಿತು. ಹೇಳುತ್ತಾರೆ, ಹಳೇ ಸಾಹೇಬರು ಬಂದರು ಎಂದುಕೊಂಡೆ. ಅಷ್ಟರಲ್ಲಿ ಪುಢಾರಿ, “ನಮ್ಮೋರ ಕೈ ಬಿಡಲ್ಲ ಸಾಹೇಬ್ರು, ನಂಗೊತ್ತು,” ಎಂದು ಜನರ ಕಡೆ ತಿರುಗಿ ಜೋರಾಗಿ ಹೇಳಿದ. ಸಾಹೇಬರು ಕೂತರು.

“ಲೆಟರ್ ಬರೀರಿ ಮೇಡಂ.”

ಬರೆದೆ. ಸಹಿ ಹಾಕಿದರು. ಪೆನ್ನು ಸಹಿಯ ಕೆಳಗೆ ಒಂದು ಕ್ಷಣ ಗಾಳಿಯಲ್ಲಿ ನಿಂತು, ಮುಚ್ಚಳ ಹಾಕಿಕೊಂಡಿತು. ಗೆರೆ ಎಳೆದಿದ್ದರೂ ಆ ಕೆಲಸ ಆಗುತ್ತಿರಲಿಲ್ಲ, ನಿಯಮವೇ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಗೆರೆಯಲ್ಲ, ಒಂದು ಮಾತು. ನಾನು ಸೀಲು ಒತ್ತಿ ಕೊಟ್ಟೆ. ಸೆಲ್ವಿ ಅದನ್ನು ಕಣ್ಣಿಗೊತ್ತಿಕೊಂಡಳು.

ಎಲ್ಲರೂ ಹೋದ ಮೇಲೆ, “ಅವಳಿಗಾದ್ರೂ ಹೇಳ್ಬೋದಿತ್ತು ಸರ್,” ಎಂದೆ.

“ಹ್ಯಾಗ್ ಹೇಳ್ಲಿ ಮಾರಾಯ್ತಿ? ಅವಳ ಗಂಡ ನನ್ನ ಜೊತೆ ರಸ್ತೆ ಅಗೆದೋನು.”

ಮೊದಲಾಗಿದ್ದರೆ ಅದೇ ಕಾರಣಕ್ಕೆ ಹೇಳುತ್ತಿದ್ದರು.

ಸೆಲ್ವಿ ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು. ಹೊಟ್ಟೆಪಾಡಿಗೆ ಶಿವಮೊಗ್ಗದ ಒಂದು ಲಾಡ್ಜಿನಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ದಿನಗೂಲಿ ಹಿಡಿದಿದ್ದಳು. ಹೀಗಾಗಿ ಬೆಳಿಗ್ಗೆ ನಾನೂ ಅವಳೂ ಒಂದೇ ಬಸ್ಸು. ನನ್ನನ್ನು ಕಂಡರೆ ಎದ್ದು ಸೀಟು ಕೊಡುತ್ತಿದ್ದಳು. ‘ಏನಾದ್ರೂ ಆಯ್ತಾ ಅಕ್ಕ?’ ಎಂದು ಕೇಳುತ್ತಿದ್ದಳು. ನಾನು ‘ಫೈಲು ಮೂವ್ ಆಗ್ತಿದೆ’ ಎನ್ನುತ್ತಿದ್ದೆ. ಕೆಲವು ದಿನ ಅವಳು ಮುಂದಿನ ಬಾಗಿಲಲ್ಲಿ ಹತ್ತಿದರೆ ನಾನು ಹಿಂದಿನ ಸೀಟಿಗೆ ಹೋಗುತ್ತಿದ್ದೆ.

ಒಂದು ಸೋಮವಾರ ಅವಳು ಪಕ್ಕದಲ್ಲೇ ಕೂತು ಮೆಲ್ಲಗೆ ಕೇಳಿದಳು: “ಅಕ್ಕ, ಒಂದ್ ಹಾಸ್ಟೆಲ್ಲಲ್ಲಿ ಅಡಿಗೆ ಕೆಲಸಕ್ಕೆ ಕರೀತಿದಾರೆ. ಅಲ್ಲೇ ಇರೋಕೆ ರೂಮು ಕೊಡ್ತಾರಂತೆ, ಮಕ್ಕಳಿಗೆ ಊಟ ಅಲ್ಲೇ, ಪಕ್ಕದಲ್ಲೇ ಸ್ಕೂಲು. ಈ ವಾರ ಹೇಳ್ಬೇಕು. ಹೋಗ್ಬಿಡ್ಲಾ? ಇಲ್ಲಾ ನಮ್ಮೋರ ಕೆಲಸಕ್ಕೆ ಕಾಯ್ಲಾ? ಹೋದ್ರೆ ಸಾಹೇಬ್ರು ಬೇಜಾರು ಮಾಡ್ಕೋತಾರೇನೋ. ನೀವ್ ಹೇಳ್ದಂಗೆ ಮಾಡ್ತೀನಿ.”

ಬಸ್ಸಿನಲ್ಲಿ ಅಕ್ಕಪಕ್ಕ ಕೂತವರು ಕೇಳುತ್ತಿದ್ದರು. ಸಾಹೇಬರ ಪತ್ರ ಬರೀ ಕಾಗದ ಎಂದು ಸಾಹೇಬರ ಸಹಾಯಕಿಯೇ ಹೇಳಿದರೆ ಅದು ಶಿವಮೊಗ್ಗ ತಲುಪುವ ಮೊದಲೇ ಊರೆಲ್ಲ ಹರಡುತ್ತಿತ್ತು. ಇದು ನಾನು ಆಗ ನನಗೆ ಕೊಟ್ಟುಕೊಂಡ ಕಾರಣ.

“ಸಾಹೇಬ್ರು ಬರೆದಿದಾರಲ್ಲ ಸೆಲ್ವಿ,” ಎಂದೆ. “ಸ್ವಲ್ಪ ದಿನ ನೋಡು.”

ಅವಳು ನೋಡಿದಳು. ಹಾಸ್ಟೆಲ್ಲಿನ ಕೆಲಸ ಬೇರೆಯವರ ಪಾಲಾಯಿತು. ದೊಡ್ಡ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದವಳು ಮುಂದಿನ ವರ್ಷ ಕಾಲೇಜಿಗೆ ಹೋಗದೆ ಗಾರ್ಮೆಂಟ್ಸಿನ ವ್ಯಾನು ಹತ್ತಿದಳು.

ಸಾಹೇಬರು ಮುಂದಿನ ಚುನಾವಣೆಯಲ್ಲಿ ಸೋತರು. ಯಾಕೆ ಸೋತರು ಎಂದು ಪೇಪರಿನವರು ಜಾತಿಯ ಲೆಕ್ಕ ಹಾಕಿದರು, ಪಕ್ಷದವರು ಒಳಏಟು ಎಂದರು. ಬೀಡಾ ಅಂಗಡಿಯವನೊಬ್ಬ ನನಗೆ ಹೇಳಿದ್ದು ಬೇರೆ: “ಮೊದ್ಲು ಅವ್ರು ಇಲ್ಲ ಅಂದ್ರೂ ಸಮಾಧಾನ ಇರ್ತಿತ್ತು ಮೇಡಂ. ಆಮೇಲೆ ಹೌದು ಅಂದ್ರೂ ಗ್ಯಾರಂಟಿ ಇರ್ಲಿಲ್ಲ.” ಆ ಮಾತು ಸಾಹೇಬರಿಗೆ ಮುಟ್ಟಿಸಲಿಲ್ಲ. ಮುಟ್ಟಿಸಬೇಕಾಗಿಯೂ ಇರಲಿಲ್ಲ.

ನಾನು ಪಾಲಿಕೆಗೆ ವಾಪಸು ಬಂದು, ಉಳಿದ ಸರ್ವೀಸು ಮುಗಿಸಿ, ನಿವೃತ್ತಳಾದೆ. ಶಿವಮೊಗ್ಗಕ್ಕೆ ಹೋದಾಗ ಗಲ್ಲಿಯ ಅಂಗಡಿಗೆ ಇಣುಕುತ್ತಿದ್ದೆ. ಅಂಗಡಿ ಈಗ ಅವರ ತಮ್ಮನದು. ಮೋಟಾರಿಗೆ ತಂತಿ ಸುತ್ತುವ ಕಾಲ ಮುಗಿಯುತ್ತ ಬಂದು, ಬರೀ ಹೊಸ ಪಂಪುಗಳ ಮಾರಾಟ. ಸಾಹೇಬರು ಸಕ್ಕರೆ ಕಾಯಿಲೆಯಿಂದ ಒಂದು ಪಾದಕ್ಕೆ ಬಟ್ಟೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಹಳೆಯ ಗಿರಾಕಿಗಳು ಕೈಮುಗಿದರೆ ಅವರೂ ಮುಗಿಯುತ್ತಿದ್ದರು, ಮಾತು ಕಡಿಮೆ. ಕೊನೆಯ ಸಲ ಹೋದಾಗ ಇದ್ದಕ್ಕಿದ್ದಂತೆ ಕೇಳಿದರು:

“ಮುರುಗನ ಹೆಂಡ್ತಿ ಏನ್ ಮಾಡ್ತಿದಾಳೆ?”

“ಅದೇ ಲಾಡ್ಜು ಸರ್. ಬಟ್ಟೆ ಒಗೀತಾಳೆ. ಕೈಯೆಲ್ಲ ಬಿರುಕು ಬಿಟ್ಟಿದೆ.”

“ಲೆಟರ್ ಇನ್ನೂ ಇಟ್ಕೊಂಡಿದಾಳಾ?”

“ಇಟ್ಕೊಂಡಿದಾಳೆ.”

ಪಾದದ ಬಟ್ಟೆಯನ್ನು ಬಿಗಿಮಾಡಿಕೊಂಡರು. “ನಾನು ಸುಳ್ಳು ಹೇಳೋನಲ್ಲ ಅಂತ ಅವಳಿಗೆ ಹೇಳ್ಕೊಟ್ಟೋನೇ ಮುರುಗ. ಅದಕ್ಕೇ ಅಷ್ಟು ನಂಬಿದ್ದು. ಒಂದ್ಸಲ ಭದ್ರಾವತಿಗೆ ಬರ್ತೀನಿ ಮಾರಾಯ್ತಿ. ನೀವು ಮನೆ ತೋರ್ಸಿ, ಸಾಕು. ಮಾತು ನಾನೇ ಆಡ್ತೀನಿ. ಈ ಕಾಲೊಂದು ವಾಸಿಯಾಗ್ಲಿ.”

ಕಾಲು ವಾಸಿಯಾಗಲಿಲ್ಲ. ಮೊದಲು ಪಾದ ತೆಗೆದರು, ಆಮೇಲೆ ಮೊಣಕಾಲಿನವರೆಗೆ. ನಡುವೆ ಎರಡು ಸಲ ಅವರೇ ಫೋನು ಮಾಡಿ ‘ಮುಂದಿನ ವಾರ ಬರ್ತೀನಿ’ ಎಂದರು. ಆಟೋ ಮಾಡಿಕೊಂಡು ಸೆಲ್ವಿಯನ್ನೇ ಅಲ್ಲಿಗೆ ಕರೆದೊಯ್ಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕರೆದೊಯ್ಯಬಹುದಿತ್ತು. ಅವರು ಹೇಳುವಾಗ ಪಕ್ಕದಲ್ಲಿ ನಾನೂ ನಿಂತಿರಬೇಕಾಗುತ್ತಿತ್ತು.

ಶ್ರದ್ಧಾಂಜಲಿ ಸಭೆ ಮುಗಿಸಿ ನಾಲ್ಕೂವರೆಗೆ ಬಸ್ ಸ್ಟ್ಯಾಂಡಿಗೆ ಬಂದೆ. ಭದ್ರಾವತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೆಲ್ವಿ ಕೂತಿದ್ದಳು. ಅವಳೂ ಸಭೆಗೆ ಬಂದಿದ್ದಳಂತೆ, ಅರ್ಧ ದಿನದ ಕೂಲಿ ಬಿಟ್ಟು. ಹೆಂಗಸರ ಸಾಲಿನ ಕೊನೆಯಲ್ಲಿ ನಿಂತು ಫೋಟೋಗೆ ಒಂದು ಮೊಳ ಮಲ್ಲಿಗೆ ಹಾಕಿದ್ದಳಂತೆ. ಎದ್ದು ನನಗೆ ಕಿಟಕಿಯ ಸೀಟು ಕೊಟ್ಟಳು.

“ಒಳ್ಳೇ ಮನುಷ್ಯ ಅಕ್ಕ,” ಎಂದಳು. “ನಮಗೆ ಬರೆದು ಕೊಟ್ರು. ಆಫೀಸ್ನೋರೇ ಮಾಡ್ಲಿಲ್ಲ, ಪಾವಂ, ಅವ್ರೇನ್ ಮಾಡ್ತಾರೆ? ಗೆದ್ದಿದ್ರೆ ಆಗ್ತಿತ್ತು ಅಲ್ವಾ?”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಸತ್ತವರ ಮೇಲೆ ಒಂದು ಒಳ್ಳೆಯ ಮಾತು, ಬದುಕಿದವಳಿಗೆ ಒಂದು ಸಮಾಧಾನ. ಸಭೆಯಲ್ಲಿ ಏಳು ಜನ ಮಾಡಿದ್ದೂ ಅದನ್ನೇ. ಆದರೆ ಆ ಏಳು ಜನರ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೇಳಿಬಿಟ್ಟೆ. ನಿಯಮ ಇರಲಿಲ್ಲ ಎನ್ನುವುದನ್ನು, ಗೆರೆಯ ವಿಷಯವನ್ನು, ಅದನ್ನು ಹೇಳಿಕೊಟ್ಟವಳು ನಾನೇ ಎನ್ನುವುದನ್ನು. ಸಾಹೇಬರು ಭದ್ರಾವತಿಗೆ ಬಂದು ತಾವೇ ಹೇಳಬೇಕೆಂದಿದ್ದರು, ಕಾಲು ಬಿಡಲಿಲ್ಲ ಎಂದೆ. ಅವರಿಗೆ ಕೊನೆಯವರೆಗೂ ಅದೇ ಕೊರಗಿತ್ತು ಎಂದೆ. ಅವರ ಪರವಾಗಿ ನಾನು ಚೆನ್ನಾಗಿಯೇ ಮಾತಾಡಿದೆ.

ಸೆಲ್ವಿ ಮಡಿಲಲ್ಲಿ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು. ಕಂಡಕ್ಟರ್ ಬಂದಾಗ ತನ್ನ ಟಿಕೆಟ್ಟು ತಾನೇ ಕೇಳಿ ತಗೊಂಡಳು.

“ಅವ್ರು ಹೇಳ್ಲಿಲ್ಲ, ಸರಿ ಅಕ್ಕ,” ಎಂದಳು ಕೊನೆಗೆ. “ಅವ್ರಿಗೆ ಓಟು ಬೇಕಿತ್ತು. ನಿಮಗೇನ್ ಬೇಕಿತ್ತು?”

ಬಸ್ಸು ಭದ್ರಾವತಿಯ ಸೇತುವೆ ದಾಟುತ್ತಿತ್ತು. ಅವಳ ಸ್ಟಾಪಿಗೆ ಇನ್ನೂ ದೂರವಿತ್ತು. ಅವಳು ಎದ್ದು, ಬ್ಯಾಗು ತಗೊಂಡು, ಮುಂದೆ ಹೋಗಿ ಬಾಗಿಲ ಕಂಬಿ ಹಿಡಿದು ನಿಂತಳು. ನಾನು ಇಳಿಯುವವರೆಗೂ ಪಕ್ಕದ ಸೀಟು ಖಾಲಿಯೇ ಇತ್ತು.